ಆಟಕ್ಕುಂಟು, ಲೆಕ್ಕಕ್ಕಿಲ್ಲ

2025ರ ಡಿಸೆಂಬರ್ 6, ಶನಿವಾರ ರಾತ್ರಿ. ನಾವಿರೋದು ನಾರ್ತ್ ಕ್ಯಾರೊಲಿನಾದ ಡರ್ಹಮ್ ಪಕ್ಕದಲ್ಲಿ. ಅಮ್ಮ ಬೆಂಗಳೂರಿಂದ ಬಂದು ನಾಲ್ಕು ದಿನ ಆಗಿತ್ತು, ಜೆಟ್‌ಲ್ಯಾಗ್ ಇನ್ನೂ ಬಿಟ್ಟಿರಲಿಲ್ಲ, ಹಾಗಾಗಿ ರಾತ್ರಿ ಹನ್ನೊಂದಾದರೂ ಸೋಫಾ ಮೇಲೆ ಕೂತು ಫ್ರೋಜನ್ ಅವರೆಕಾಳು ಹಿದುಕುತ್ತಿದ್ದರು. ಟಿವಿಯಲ್ಲಿ ಕಾಲೇಜ್ ಫುಟ್‌ಬಾಲ್. ನಮ್ಮೂರಿನ ಕಾಲ್ಚೆಂಡಲ್ಲ, ಹೆಲ್ಮೆಟ್ ಹಾಕಿಕೊಂಡು ಗುದ್ದಾಡುವ ಅಮೆರಿಕನ್ ಫುಟ್‌ಬಾಲ್. ಎಸಿಸಿ ಅನ್ನೋ ಕಾನ್ಫರೆನ್ಸಿನ, ಅಂದರೆ ಕಾಲೇಜ್ ತಂಡಗಳ ಒಂದು ಗುಂಪಿನ, ಫೈನಲ್. ನಮ್ಮ ಡರ್ಹಮ್‌ನ ಡ್ಯೂಕ್ ಯೂನಿವರ್ಸಿಟಿ ಮತ್ತು ವರ್ಜೀನಿಯಾ. ಓವರ್‌ಟೈಮ್‌ಗೆ ಹೋಗಿ ಡ್ಯೂಕ್ 27-20ಕ್ಕೆ ಗೆದ್ದುಬಿಟ್ಟಿತು. ನನ್ನ ಮಗ ಸೋಫಾದಿಂದ ಹಾರಿದ ರಭಸಕ್ಕೆ ಅರ್ಧ ಅವರೆಬೇಳೆ ಕಾರ್ಪೆಟ್ ಪಾಲಾಯಿತು.

"ಅಜ್ಜಿ, ಡ್ಯೂಕ್ ಚಾಂಪಿಯನ್! ಯಾರ ಜೊತೆಗೂ ಹಂಚಿಕೊಳ್ಳದೆ ಕಪ್ ಗೆದ್ದಿದ್ದು 1962 ಆದ್ಮೇಲೆ ಇದೇ ಮೊದಲು!"

"ಒಳ್ಳೇದಾಯ್ತು ಬಿಡು. ಇನ್ನು ದೊಡ್ಡ ಟೂರ್ನಮೆಂಟಿಗೆ ಹೋಗ್ತಾರೆ ಅಲ್ವಾ?"

"ಇಲ್ಲ ಅಜ್ಜಿ, ಅವರು ಹೋಗಲ್ಲ. ಮಯಾಮಿ ಹೋಗಬಹುದು."

"ಮಯಾಮಿಯವರು ಇವತ್ತು ಆಡಿದ್ರಾ?"

"ಇಲ್ಲ. ಮನೇಲಿದ್ದಾರೆ."

ಅಮ್ಮ ನನ್ನ ಮುಖ ನೋಡಿದರು. ಮೂವತ್ತು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದವರು. ಎರಡು ಪೈಸೆ ಟ್ಯಾಲಿ ಆಗದಿದ್ದರೆ ಮನೆಗೆ ಬರುತ್ತಿರಲಿಲ್ಲ. ಅವರಿಗೆ ಇದನ್ನು ವಿವರಿಸೋದು ಹೇಗೆ?

ಪ್ರಯತ್ನ ಮಾಡುತ್ತೇನೆ, ನೀವೂ ಕೇಳಿ. ದೊಡ್ಡ ದರ್ಜೆಯ ಕಾಲೇಜ್ ಫುಟ್‌ಬಾಲ್‌ನಲ್ಲಿ ಆ ಸೀಸನ್‌ಗೆ 136 ತಂಡಗಳಿದ್ದವು. ಒಂದೊಂದು ತಂಡ ಆಡೋದು ಹನ್ನೆರಡು ಪಂದ್ಯ. ಎಲ್ಲರೂ ಎಲ್ಲರ ಜೊತೆ ಆಡುವ ಮಾತೇ ಇಲ್ಲ. ಕಾನ್ಫರೆನ್ಸ್ ಅನ್ನೋ ಗುಂಪಿನೊಳಗೂ ಆಗಲ್ಲ. ಎಸಿಸಿಯಲ್ಲಿ 17 ತಂಡಗಳಿದ್ದವು, ಆದರೆ ಪ್ರತಿ ತಂಡಕ್ಕೆ ಒಳಗಿನ ಪಂದ್ಯ ಎಂಟೇ. ಸೀಸನ್ ಮುಗಿದಾಗ ವರ್ಜೀನಿಯಾ 7-1 (ಏಳು ಗೆಲುವು, ಒಂದು ಸೋಲು), ಮೊದಲ ಸ್ಥಾನ, ತಕರಾರಿಲ್ಲ. ಅದರ ಕೆಳಗೆ ಡ್ಯೂಕ್, ಮಯಾಮಿ, ಜಾರ್ಜಿಯಾ ಟೆಕ್, ಪಿಟ್, ಎಸ್‌ಎಂಯು, ಐದೂ 6-2. ಫೈನಲ್‌ಗೆ ಇವರಲ್ಲಿ ಒಬ್ಬರು ಬೇಕು. ಎಸ್‌ಎಂಯು ಕೊನೆಯ ವಾರ ಕ್ಯಾಲ್ ಎದುರು ಗೆದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ, 38-35ಕ್ಕೆ ಸೋತು ಎಲ್ಲರನ್ನೂ ಪೇಚಿಗೆ ಸಿಕ್ಕಿಸಿತು.

ಆಗ ಟೈಬ್ರೇಕರ್ ಪುಸ್ತಕ, ಅಂದರೆ ಸಮಬಲ ಆದಾಗ ಗಂಟು ಬಿಡಿಸುವ ನಿಯಮಗಳ ಪುಸ್ತಕ, ತೆಗೆದರು. ಈ ಐದರಲ್ಲಿ ಯಾರು ಯಾರನ್ನು ಸೋಲಿಸಿದ್ದಾರೆ? ಎಲ್ಲರೂ ಪರಸ್ಪರ ಆಡಿಲ್ಲ, ಮುಂದೆ ಹೋಗಿ. ಎಲ್ಲರಿಗೂ ಸಾಮಾನ್ಯ ಎದುರಾಳಿ ಇದ್ದಾರಾ? ಅದರಲ್ಲೂ ಬಗೆಹರಿಯಲಿಲ್ಲ. ಕೊನೆಗೆ ನಿಂತಿದ್ದು ಒಂದು ವಿಚಿತ್ರ ಲೆಕ್ಕದ ಮೇಲೆ: ನೀವು ಯಾರ ಜೊತೆ ಆಡಿದಿರೋ ಆ ಎಂಟು ತಂಡಗಳು ಒಟ್ಟಾರೆ ಕಾನ್ಫರೆನ್ಸ್‌ನಲ್ಲಿ ಎಷ್ಟು ಗೆದ್ದಿವೆ? ಅದರಲ್ಲಿ ಡ್ಯೂಕ್ ಮೇಲೆ ಬಂತು. ಇಲ್ಲೊಂದು ತಮಾಷೆ ಇದೆ. ಡ್ಯೂಕ್‌ನ ಆ ಎಂಟು ಎದುರಾಳಿಗಳಲ್ಲಿ ವರ್ಜೀನಿಯಾ ಮತ್ತು ಜಾರ್ಜಿಯಾ ಟೆಕ್ ಕೂಡ ಇದ್ದವು. ಇಬ್ಬರೂ ಡ್ಯೂಕನ್ನು ಸೋಲಿಸಿದವರೇ! ಒದೆ ಕೊಟ್ಟವರು ಬಲಿಷ್ಠರಾದಷ್ಟೂ ಒದೆ ತಿಂದವನಿಗೆ ಅಂಕ ಜಾಸ್ತಿ. ಪಾಪ ಜಾರ್ಜಿಯಾ ಟೆಕ್ 27-18ಕ್ಕೆ ಡ್ಯೂಕನ್ನು ಸೋಲಿಸಿಯೂ ಮನೆಯಲ್ಲಿ ಕೂತಿತು.

ಹಾಗೆ, ಕಾನ್ಫರೆನ್ಸ್ ಹೊರಗಿನ ಪಂದ್ಯಗಳೂ ಸೇರಿ 7-5 ಇದ್ದ ಡ್ಯೂಕ್ ಫೈನಲ್‌ಗೆ ಹೋಗಿ ಚಾಂಪಿಯನ್ ಆಯಿತು. (ಇನ್ನೊಂದು ಮಜಾ: ಡ್ಯೂಕ್ ಕೋಚ್ ಮ್ಯಾನಿ ಡಿಯಾಸ್ ಇದಾರಲ್ಲ, 2021ರಲ್ಲಿ ಅವರನ್ನು ಕೆಲಸದಿಂದ ತೆಗೆದಿದ್ದು ಇದೇ ಮಯಾಮಿ.) ಆದರೆ ಅಮ್ಮ ಕೇಳಿದ ದೊಡ್ಡ ಟೂರ್ನಮೆಂಟು ಅಂದರೆ ಹನ್ನೆರಡು ತಂಡಗಳ ಪ್ಲೇಆಫ್; ಅದರಲ್ಲಿ ಆಗ ಕಾನ್ಫರೆನ್ಸ್ ಚಾಂಪಿಯನ್ನರಿಗೆ ಅಂತ ಮೀಸಲಿದ್ದ ಜಾಗ ಐದು, ಅದೂ ರ‍್ಯಾಂಕಿಂಗ್‌ನಲ್ಲಿ ಮೇಲಿರುವ ಐದು ಚಾಂಪಿಯನ್ನರಿಗೆ. ಸಣ್ಣ ಕಾನ್ಫರೆನ್ಸ್‌ಗಳಿಂದ ಬಂದ ಟುಲೇನ್, ಜೇಮ್ಸ್ ಮ್ಯಾಡಿಸನ್ ಎರಡೂ ಡ್ಯೂಕ್‌ಗಿಂತ ಮೇಲಿದ್ದವು. ಟುಲೇನ್ ಅಂತೂ ಸೆಪ್ಟೆಂಬರ್‌ನಲ್ಲೇ ಡ್ಯೂಕನ್ನು ಸೋಲಿಸಿತ್ತು. ಕಪ್ ಕೈಯಲ್ಲಿ, ಡ್ಯೂಕ್ ಹೊರಗೆ.

ಇದನ್ನು ನೋಡಿ ಆಫೀಸಿನಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ, ಎಲ್ಲರೂ ಟೈಬ್ರೇಕರ್‌ಗೆ ಉಗಿದಿದ್ದೇ ಉಗಿದಿದ್ದು. ನಾನು ಮಾತ್ರ ಟೈಬ್ರೇಕರ್ ಪರ. ಬೈಯಿರಿ ಪರವಾಗಿಲ್ಲ.

ಆರ್‌ಸಿಬಿ ಅಭಿಮಾನಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2024ರ ಮೇ 18, ಚಿನ್ನಸ್ವಾಮಿ. ನಾವು 218 ಹೊಡೆದಿದ್ದೆವು. ಚೆನ್ನೈ ಗೆಲ್ಲಬೇಕಿರಲಿಲ್ಲ, 201 ಮುಟ್ಟಿದ್ದರೆ ಸಾಕಿತ್ತು, ನೆಟ್ ರನ್ ರೇಟ್‌ನಲ್ಲಿ ಅವರೇ ಒಳಗೆ. ಕೊನೇ ಓವರ್‌ಗೆ 17. ಧೋನಿ ಮೊದಲ ಬಾಲಿಗೇ ಸಿಕ್ಸ್, ಎರಡನೇ ಬಾಲಿಗೆ ಔಟ್. ಚೆನ್ನೈ 191ಕ್ಕೆ ನಿಂತಿತು. ಎರಡೂ ತಂಡಕ್ಕೆ 14 ಅಂಕ, ನಾವು ಒಳಗೆ. ರನ್ ರೇಟ್ ಅನ್ನೋದು ಒಳ್ಳೆ ಅಳತೆಗೋಲಾ? ನನಗೇನೂ ಅದರ ಮೇಲೆ ಅಂಥ ಪ್ರೀತಿ ಇಲ್ಲ. ಆದರೆ ಯಶ್ ದಯಾಳ್ ಕೈಗೆ ಬಾಲ್ ಬಂದಾಗ ಅವನಿಗೂ ಗೊತ್ತಿತ್ತು, ಧೋನಿಗೂ ಗೊತ್ತಿತ್ತು, ಗ್ಯಾಲರಿಯಲ್ಲಿ ಉಗುರು ಕಚ್ಚುತ್ತಿದ್ದ ಪ್ರತಿಯೊಬ್ಬನಿಗೂ ಗೊತ್ತಿತ್ತು, ಬೇಕಾಗಿರೋದು 201 ಅಂತ. ನನಗೆ ಬೇಕಾಗಿರೋದು ಅಷ್ಟೇ.

ಈಗ 2023ರ ಫ್ಲೋರಿಡಾ ಸ್ಟೇಟ್ ಹುಡುಗರನ್ನು ನೆನಪಿಸಿಕೊಳ್ಳಿ. ಆಗ ಪ್ಲೇಆಫ್‌ಗೆ ನಾಲ್ಕೇ ತಂಡ. ಇವರು ಹದಿಮೂರಕ್ಕೆ ಹದಿಮೂರೂ ಗೆದ್ದಿದ್ದರು. ನವೆಂಬರ್‌ನಲ್ಲಿ ಅವರ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡೆಸೆದು ಆಟ ನಡೆಸುವ ಮುಖ್ಯ ಆಟಗಾರ, ಜೋರ್ಡನ್ ಟ್ರಾವಿಸ್ ಕಾಲು ಮುರಿದುಕೊಂಡ. ಆಮೇಲೂ ಗೆದ್ದರು, ಕಾನ್ಫರೆನ್ಸ್ ಫೈನಲ್‌ನಲ್ಲಿ ಲೂಯಿವಿಲ್ ಮೇಲೆ 16-6. ಮಾರನೇ ದಿನ, ತಂಡಗಳಿಗೆ ರ‍್ಯಾಂಕ್ ಕೊಟ್ಟು ಪ್ಲೇಆಫ್‌ಗೆ ಆರಿಸುವ 13 ಜನರ ಸಮಿತಿ ಹೇಳಿತು: ಕ್ವಾರ್ಟರ್‌ಬ್ಯಾಕ್ ಇಲ್ಲದ ನೀವು ಮೊದಲಿನ ತಂಡ ಅಲ್ಲ, ಹಾಗಾಗಿ ಒಂದು ಪಂದ್ಯ ಸೋತ ಅಲಬಾಮಾ ಒಳಗೆ, ನೀವು ಹೊರಗೆ. ಪ್ಲೇಆಫ್ ಶುರುವಾದ ಮೇಲೆ ದೊಡ್ಡ ಕಾನ್ಫರೆನ್ಸಿನ ಅಜೇಯ ಚಾಂಪಿಯನ್ನನ್ನು ಹೊರಗಿಟ್ಟಿದ್ದು ಅದೇ ಮೊದಲು. ಆ ಹುಡುಗರು ಇನ್ನೇನು ಮಾಡಬೇಕಿತ್ತು ಹೇಳಿ? ಅವರ 201 ಎಷ್ಟು?

ಆಮೇಲೆ ಆರೆಂಜ್ ಬೌಲ್‌ನಲ್ಲಿ (ಸೀಸನ್ ಮುಗಿದ ಮೇಲೆ ಆಡಿಸುವ ವಿಶೇಷ ಪಂದ್ಯಗಳಿಗೆ ಬೌಲ್ ಅಂತಾರೆ) ಜಾರ್ಜಿಯಾ ಅವರನ್ನು 63-3ಕ್ಕೆ ಚಚ್ಚಿತು, "ನೋಡಿದ್ರಾ, ಸಮಿತಿ ಮಾಡಿದ್ದೇ ಸರಿ" ಅಂದರು ಎಲ್ಲ. ಪ್ಲೇಆಫ್ ಕೈತಪ್ಪಿದ ಮೇಲೆ ಅವರ ಎಷ್ಟೋ ಆಟಗಾರರು ಆ ಪಂದ್ಯಕ್ಕೆ ಇಳಿಯಲೇ ಇಲ್ಲ ಅನ್ನೋದನ್ನು ಯಾರೂ ಹೇಳಲ್ಲ.

2025ರಲ್ಲಿ ಅದೇ ಸಮಿತಿಯ ಇನ್ನೊಂದು ನಾಟಕ. ಮಯಾಮಿ 10-2, ನೋಟರ್ ಡೇಮ್ 10-2. ಸೀಸನ್ ಶುರುವಲ್ಲೇ ಮಯಾಮಿ 27-24ಕ್ಕೆ ನೋಟರ್ ಡೇಮನ್ನು ಸೋಲಿಸಿತ್ತು. ಆದರೂ ನವೆಂಬರ್‌ನಿಂದ ಸಮಿತಿ ವಾರವಾರ ಬಿಟ್ಟ ಐದು ರ‍್ಯಾಂಕಿಂಗ್ ಪಟ್ಟಿಗಳಲ್ಲೂ ನೋಟರ್ ಡೇಮೇ ಮೇಲೆ. ಕೊನೆಯ ವಾರಾಂತ್ಯ ಇಬ್ಬರೂ ಆಡಲೇ ಇಲ್ಲ, ಮನೆಯಲ್ಲಿ ಕಾಲು ಚಾಚಿಕೊಂಡು ಟಿವಿ ನೋಡುತ್ತಿದ್ದರು. ಭಾನುವಾರ ಬೆಳಗಾದರೆ ಮಯಾಮಿ ಮೇಲೆ, ನೋಟರ್ ಡೇಮ್ ಹೊರಗೆ. ಕಾರಣ ಏನಂತೆ? ಪಟ್ಟಿಯಲ್ಲಿ ಇಬ್ಬರ ನಡುವೆ ಬಿವೈಯು ಅನ್ನೋ ತಂಡ ಇತ್ತು, ಅದು ಟೆಕ್ಸಸ್ ಟೆಕ್ ಕೈಲಿ 34-7ಕ್ಕೆ ಸೋತು ಕೆಳಗಿಳಿಯಿತು, ಇವರಿಬ್ಬರೂ ಅಕ್ಕಪಕ್ಕ ಬಂದರು, ಆಗ ಆ ಹಳೇ ಪಂದ್ಯ ಲೆಕ್ಕಕ್ಕೆ ಬಂತು. ಅಂದರೆ ಆಗಸ್ಟ್‌ನ ಗೆಲುವು ಡಿಸೆಂಬರ್‌ವರೆಗೆ ಬೀರುವಿನಲ್ಲಿತ್ತು, ಮೂರನೆಯವನು ಸೋತ ಮೇಲೆ ಹೊರಗೆ ತೆಗೆದರು! ಬಿವೈಯು ಸೋತ ಶನಿವಾರವೇ ಜಾರ್ಜಿಯಾ ಕೈಲಿ 28-7ಕ್ಕೆ ಸೋತ ಅಲಬಾಮಾ ಮಾತ್ರ ಇದ್ದ ಜಾಗದಿಂದ ಒಂದಿಂಚೂ ಅಲ್ಲಾಡಲಿಲ್ಲ. ನೋಟರ್ ಡೇಮ್ ಸಿಟ್ಟಿಗೆ ಬೇರೆ ಬೌಲ್ ಪಂದ್ಯವೇ ಬೇಡ ಅಂದುಬಿಟ್ಟಿತು. ನನಗೆ ಆ ತಂಡ ಅಷ್ಟಕ್ಕಷ್ಟೇ, ಆದರೂ ಆ ಸಿಟ್ಟು ಅರ್ಥ ಆಯಿತು.

ಮಯಾಮಿ ಯೋಗ್ಯ ತಂಡವೇ, ಅನುಮಾನ ಇಲ್ಲ. ಟೆಕ್ಸಸ್ ಎ ಆಂಡ್ ಎಂ, ಒಹಾಯೊ ಸ್ಟೇಟ್, ಓಲ್ ಮಿಸ್ ಮೂರನ್ನೂ ಸೋಲಿಸಿ ಫೈನಲ್‌ಗೆ ಹೋಗಿ ಇಂಡಿಯಾನಾ ಎದುರು 27-21ಕ್ಕೆ ಸೋತಿತು. ಈಗ ಮತ್ತೆ ಅದೇ ಮಾತು, ಸಮಿತಿ ಸರಿ ಇತ್ತು ಅಂತ. ಓಪನ್ ಬುಕ್ ಎಕ್ಸಾಮ್ ಅಂತ ಹೇಳಿ ಒಳಗೆ ಕೂರಿಸಿ, ಪ್ರಶ್ನೆಪತ್ರಿಕೆಯನ್ನು ಉತ್ತರ ಬರೆದ ಮೇಲೆ ಕೊಟ್ಟ ಹಾಗಿದೆ. ರ‍್ಯಾಂಕ್ ಬಂದವನು ಬುದ್ಧಿವಂತನೇ ಇರಬಹುದು. ಪರೀಕ್ಷೆ ಸರಿಯಿತ್ತು ಅಂತ ಹೇಗೆ ಹೇಳೋದು?

ಡ್ಯೂಕ್‌ನ ಟೈಬ್ರೇಕರ್ ಪೆದ್ದು ನಿಯಮ, ಬದಲಾಯಿಸಲಿ. ಆದರೆ ಆ ಪೆದ್ದು ನಿಯಮ ಸೀಸನ್ ಶುರುವಾಗುವ ಮೊದಲೇ ಬರೆದಿಟ್ಟಿತ್ತು, ಯಾರ ಮುಖ ನೋಡಿ ಬರೆದದ್ದಲ್ಲ. ಹಾಗೇ ಪ್ಲೇಆಫ್‌ಗೂ ಒಂದು ಸೂತ್ರ ಬರೆದು ಆಗಸ್ಟ್‌ನಲ್ಲಿ ಗೋಡೆಗೆ ಅಂಟಿಸಲಿ.

ಅವತ್ತು ರಾತ್ರಿ ಮಗ ಇಂಡಿಯನ್ ಸ್ಟೋರ್ ಬಿಲ್ಲಿನ ಹಿಂದೆ ಐದೂ ತಂಡಗಳ ಎದುರಾಳಿಗಳನ್ನು ಬರೆದು, ಗೆಲುವು ಸೋಲು ಕೂಡಿಸಿ ಅಜ್ಜಿಗೆ ಕೊಟ್ಟ. ಅಮ್ಮ ಕೈ ಒರೆಸಿಕೊಂಡು, ಕನ್ನಡಕ ಏರಿಸಿ, ಪೆನ್ಸಿಲ್ ತುದಿಯಲ್ಲಿ ಒಂದೊಂದೇ ಸಾಲು ಇಳಿದರು. ಒಂದು ಕಡೆ ಕೂಡಿದ್ದು ತಪ್ಪಿತ್ತು, ತಿದ್ದಿದರು. "ಹ್ಞೂಂ, ಟ್ಯಾಲಿ ಆಯ್ತು. ಡ್ಯೂಕೇ." ಆಮೇಲೆ ಬಿಲ್ಲನ್ನು ಮಗುಚಿ ನೋಡಿ ಕೇಳಿದರು, "ಆ ಹದಿಮೂರು ಜನದ್ದು ಎಲ್ಲಿ ಬರ್ದಿದೀಯ?"

"ಅದು ಇಲ್ಲ ಅಜ್ಜಿ."

"ಇಲ್ಲ ಅಂದ್ರೆ?"