ಅಮ್ಮ ಸರಿಯಾಗಿಯೇ ಹೇಳಿದ್ದಳು

ನಿನ್ನೆ ರಾತ್ರಿ ಅಮ್ಮ ಫೋನಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. "ನಾಳೆ ಆರು ಗಂಟೆ ಅಲಾರಂ ಬೇಡ." ಫೋನು "ಸರಿ" ಅಂದಿತು. ಅಮ್ಮ ನಂಬಿ ಮಲಗಿದಳು. ಬೆಳಿಗ್ಗೆ 6ಕ್ಕೆ ಅಲಾರಂ ಹೊಡೆಯಿತು. ತೆಗೆದು ನೋಡಿದರೆ ಒಂದಲ್ಲ, ಎರಡು ಅಲಾರಂ! ಮೊದಲೇ ಇದ್ದದ್ದನ್ನು ತೆಗೆಯೋ ಬದಲು ಫೋನು ಇನ್ನೊಂದು ಇಟ್ಟಿತ್ತು.

ಸಿಟ್ಟು ಬಂದಿದ್ದು ಅದಕ್ಕಲ್ಲ. ಅಮ್ಮ ಸಣ್ಣ ದನಿಯಲ್ಲಿ, "ನಾನೇ ಏನೋ ತಪ್ಪು ಹೇಳಿರ್ಬೇಕು ಕಣೋ" ಅಂದಳಲ್ಲ, ಅದಕ್ಕೆ.

ಇಲ್ಲ, ಅವಳು ಸರಿಯಾಗಿಯೇ ಹೇಳಿದ್ದಳು. ಫೋನು ಕೇಳಿಸಿಕೊಂಡಿದ್ದೂ ಸರಿಯೇ. "ಬೇಡ" ಅನ್ನೋ ಪದ ಪರದೆ ಮೇಲೆ ಬಂದಿತ್ತು. ತಪ್ಪಿದ್ದು ಅದರ ನಂತರ.

ಮಾತು ಕೇಳಿ ಕೆಲಸ ಮಾಡೋ ಇಂಥ ಸಾಫ್ಟ್‌ವೇರ್ ಹತ್ತಿರ ಒಂದು ಪಟ್ಟಿ ಇರುತ್ತದೆ. ಅಲಾರಂ ಇಡು, ಅಲಾರಂ ತೆಗೆ, ಹಾಡು ಹಾಕು, ಕರೆ ಮಾಡು. ಇವಕ್ಕೆ ಇಂಟೆಂಟ್ ಅಂತಾರೆ. ನಾವು ಆಡಿದ ವಾಕ್ಯಕ್ಕೆ ಪಟ್ಟಿಯಲ್ಲಿರುವ ಒಂದೊಂದೂ ಎಷ್ಟು ಹೊಂದುತ್ತದೆ ಅಂತ ಅಂಕ ಕೊಡುತ್ತದೆ. ಜಾಸ್ತಿ ಅಂಕ ಬಂದಿದ್ದೇ ನಮ್ಮ ಉದ್ದೇಶ ಅಂತ ತೀರ್ಮಾನ. "ನಾಳೆ", "ಆರು ಗಂಟೆ" ಇವು ಸ್ಲಾಟ್‌ಗಳು, ಖಾಲಿ ಜಾಗ ತುಂಬುವ ವಿವರಗಳು. ಕಲಿಸುವಾಗ ಕೊಟ್ಟ ವಾಕ್ಯಗಳಲ್ಲಿ ದಿನ, ಗಂಟೆ, ಅಲಾರಂ ಮೂರೂ ಒಟ್ಟಿಗೆ ಬಂದಿದ್ದೆಲ್ಲ ಹೆಚ್ಚಾಗಿ "ಇಡು" ಅನ್ನೋದಕ್ಕೇ ಆಗಿದ್ದರೆ, ಕೊನೆಯಲ್ಲಿ ಬಂದ ಒಂಟಿ "ಬೇಡ" ಏನು ಮಾಡೀತು? ನಮ್ಮ ಭಾಷೆಯಲ್ಲಂತೂ "ಇಡು", "ಇಡಬೇಡ" ಬೇರೆಯಾಗುವುದು ಬಾಲದಲ್ಲಿ ಮಾತ್ರ.

ಇಂಥ ಸಾಫ್ಟ್‌ವೇರಿಗೆ ಕಲಿಸೋ ವಾಕ್ಯ ಸಿದ್ಧ ಮಾಡೋ ಕೆಲಸವನ್ನೇ ನಾನು ಎರಡು ವರ್ಷ ಮಾಡಿದ್ದೆ. ವಾಕ್ಯ ಬರೆಯೋದು, ಪಕ್ಕದಲ್ಲಿ ಇಂಟೆಂಟ್ ಗುರುತು ಹಾಕೋದು. "ಅಲಾರಂ ಇಡು" ಅನ್ನೋದನ್ನು ನೂರಾರು ಥರ ಬರೆದೆ. ಬೇಡ ಅನ್ನುವವರು ಹೇಗೆ ಹೇಳ್ತಾರೆ ಅಂತ ಬರೆದಿದ್ದು ಬೆರಳೆಣಿಕೆಯಷ್ಟು. ಯಾರೂ ಕೇಳಲಿಲ್ಲ. ನಾನೂ ಯೋಚಿಸಲಿಲ್ಲ. ಇವತ್ತು ಬೆಳಿಗ್ಗೆಯಿಂದ ಅದೇ ಚುಚ್ಚುತ್ತಿದೆ.

ನೂರಕ್ಕೆ 95 ಸಲ ಸರಿಯಾಗಿ ಮಾಡುತ್ತಲ್ಲ ಅಂತ ಗೆಳೆಯನೊಬ್ಬ ಹೇಳಿದ. ಆ ಲೆಕ್ಕ ನನಗೆ ಬೇಡ. 1990ರ ದಶಕದ ಶುರುವಿನಲ್ಲಿ ಅಮೆರಿಕದಲ್ಲಿ ವಿಮಾನ ಪ್ರಯಾಣದ ಪ್ರಶ್ನೆಗಳನ್ನು ಕೂಡಿಸಿ ಏಟಿಸ್ ಅನ್ನೋ ಸಂಗ್ರಹ ಮಾಡಿದ್ದರು. ಇಂಟೆಂಟ್ ಗುರುತಿಸೋ ಸಾಫ್ಟ್‌ವೇರನ್ನು ಅದರ ಮೇಲೆ ಎಷ್ಟೋ ವರ್ಷ ಪರೀಕ್ಷೆ ಮಾಡಿದರು. ಅದರಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಪಾಲು ವಾಕ್ಯಗಳ ಉದ್ದೇಶ ಒಂದೇ, ಯಾವ ವಿಮಾನ ಇದೆ ಅಂತ ಕೇಳೋದು. ಕಣ್ಣು ಮುಚ್ಚಿ ಎಲ್ಲಕ್ಕೂ ಅದೇ ಉತ್ತರ ಕೊಟ್ಟರೂ ಮುಕ್ಕಾಲು ಅಂಕ ಸಿಗುತ್ತದೆ! ಉಳಿದ ಪಾಲಿನಲ್ಲಿ ಇರೋದು ಯಾರ ಮಾತು ಅಂತ ಆ ಅಂಕ ಹೇಳೋದಿಲ್ಲ.

ಚಾಟ್‌ಜಿಪಿಟಿ ಥರದ ಹೊಸ ಭಾಷಾ ಮಾಡೆಲ್‌ಗಳಿಗೆ "ಬೇಡ" ಚೆನ್ನಾಗಿ ಅರ್ಥವಾಗುತ್ತದೆ, ಒಪ್ಪುತ್ತೇನೆ. ಆದರೂ ತಪ್ಪುತ್ತವೆ. ಎರಡು ಇಂಟೆಂಟ್‌ಗಳ ಅಂಕ ಹತ್ತಿರ ಇದ್ದರೆ "ಇಡಲಾ, ತೆಗೆಯಲಾ?" ಅಂತ ಕೇಳಬಹುದು. ಅಂಕ ಎಷ್ಟು ಹತ್ತಿರ ಇದ್ದರೆ ಕೇಳಬೇಕು ಅನ್ನೋದನ್ನು ತೀರ್ಮಾನಿಸೋದು ಮನುಷ್ಯರೇ. ಅದೂ ಬೇಡ, ಮಾಡಿದ್ದನ್ನಾದರೂ ಹೇಳಬಹುದಿತ್ತು. ಸುಮ್ನೆ "ಸರಿ" ಅನ್ನೋ ಬದಲು "ಆರಕ್ಕೆ ಅಲಾರಂ ಇಟ್ಟೆ" ಅಂದಿದ್ದರೆ ಅಮ್ಮನಿಗೆ ಆಗಲೇ ಗೊತ್ತಾಗುತ್ತಿತ್ತು, ಅಲ್ವಾ?

ಅಮ್ಮನಿಗೆ ಇಷ್ಟೂ ಬಿಡಿಸಿ ಹೇಳಿದೆ. ತಲೆಯಾಡಿಸಿದಳು. ಈಗ ತಾನೇ ಕನ್ನಡಕ ಹಾಕಿಕೊಂಡು, ಒಂದೊಂದೇ ಗುಂಡಿ ಹುಡುಕಿ, ಎರಡೂ ಅಲಾರಂ ಕೈಯಲ್ಲೇ ತೆಗೆದಳು. ಫೋನಿನ ಜೊತೆ ಒಂದು ಮಾತೂ ಆಡಲಿಲ್ಲ.