1098 ಉಳಿದ ಊಟ ಒಯ್ಯುವವರ ನಂಬರ್ ಅಲ್ಲ

‘ಮದುವೆ, ಗೃಹಪ್ರವೇಶದಲ್ಲಿ ಊಟ ಉಳಿದರೆ 1098ಕ್ಕೆ ಫೋನ್ ಮಾಡಿ, ಬಂದು ಒಯ್ದು ಮಕ್ಕಳಿಗೆ ಹಂಚುತ್ತಾರೆ’ ಅನ್ನೋ ವಾಟ್ಸಾಪ್ ಮೆಸೇಜ್ ವರ್ಷಗಳಿಂದ ಸುತ್ತುತ್ತಿದೆ. ಇದು ಸುಳ್ಳು. ಹಿಂದೆ ಈ ನಂಬರ್ ನಡೆಸುತ್ತಿದ್ದ ಚೈಲ್ಡ್‌ಲೈನ್ ಸಂಸ್ಥೆಯೇ ಅಲ್ಲಗಳೆದಿತ್ತು. ಮೆಸೇಜ್ ಮಾತ್ರ ಸಾಯುತ್ತಿಲ್ಲ.

1098 ಮಕ್ಕಳ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತದೆ, ಕರೆ ಉಚಿತ. 2023ರಿಂದ ಸರ್ಕಾರವೇ ನಡೆಸುತ್ತಿದೆ. ಪಕ್ಕದ ಮನೆಯಲ್ಲಿ ಹದಿನೈದರ ಹುಡುಗಿಯ ಮದುವೆಗೆ ಚಪ್ಪರ ಏಳುತ್ತಿದ್ದರೆ, ಗ್ಯಾರೇಜಿನಲ್ಲಿ ಪುಟ್ಟ ಹುಡುಗ ಸ್ಪ್ಯಾನರ್ ಹಿಡಿದು ಕೂತಿದ್ದರೆ, ಬಸ್ ಸ್ಟ್ಯಾಂಡಿನಲ್ಲಿ ಮಗುವೊಂದು ಒಂಟಿಯಾಗಿ ಅಳುತ್ತಿದ್ದರೆ ಈ ನಂಬರ್ ಒತ್ತಿ. ಕಷ್ಟದಲ್ಲಿರುವ ಮಗುವೇ ಕರೆ ಮಾಡಬಹುದು. ಮಿಕ್ಕ ಪಲಾವ್‌ಗೆಂದು ನಾವು ಫೋನ್ ಹಿಡಿದರೆ ಅಷ್ಟು ಹೊತ್ತು ಲೈನ್ ಸುಮ್ನೆ ಬಿಜಿ, ಅಲ್ವಾ?

ಊಟ ಕೊಡುವ ಮನಸ್ಸು ಒಳ್ಳೆಯದೇ. ಹತ್ತಿರದ ಅನಾಥಾಶ್ರಮಕ್ಕೆ ಮೊದಲೇ ಕೇಳಿ, ಬಿಸಿ ಇರುವಾಗಲೇ ತಲುಪಿಸಿ.