ಚೆರ್ರಿ ಎಂದರೆ ಯಾವ ಚೆರ್ರಿ?

ಭಾರತೀಯರು ಇಂಗ್ಲಿಷಿನಲ್ಲಿ ಮಾಡುವ ತಪ್ಪುಗಳ ಪಟ್ಟಿಯೊಂದು ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ವರ್ಷಕ್ಕೆ ನಾಲ್ಕು ಸಲವಾದರೂ ಬಂದು ಬೀಳುತ್ತದೆ. ‘ಪ್ರಿಪೋನ್’ ಅನ್ನಬಾರದಂತೆ, ‘ಔಟ್ ಆಫ್ ಸ್ಟೇಷನ್’ ಅನ್ನಬಾರದಂತೆ. ಕಳುಹಿಸುವವಳು ಬೆಂಗಳೂರಿನಲ್ಲಿರುವ ನನ್ನ ಚಿಕ್ಕಪ್ಪನ ಮಗಳು. ಪ್ರಿಪೋನ್ ಆಕ್ಸ್‌ಫರ್ಡ್ ನಿಘಂಟಿನೊಳಗೇ ಹೋಗಿ ಕುಳಿತಿದೆ, ಅದರ ಮಾತು ಬಿಡಿ. ನನ್ನ ತಕರಾರು ಬೇರೆ. ಇಂಗ್ಲಿಷ್ ಪದಕ್ಕೆ ಸರಿಯಾದ ಅರ್ಥ ಒಂದೇ, ಅದು ಲಂಡನ್ನಿನಲ್ಲಿ ಭದ್ರವಾಗಿದೆ, ಕೆಡಿಸಿದವರು ನಾವು ಎಂಬ ನಂಬಿಕೆ ಇದೆಯಲ್ಲ, ಅದು ಕೊಡಗಿನ ಸುಂಟಿಕೊಪ್ಪದಲ್ಲಿರುವ ನಮ್ಮ ಕಾಫಿ ಕಣದಲ್ಲಿ ಒಂದು ದಿನವೂ ಬಾಳುವುದಿಲ್ಲ.

ಎರಡು ವರ್ಷದ ಹಿಂದೆ, ಜನವರಿ ಮೊದಲ ವಾರ. ಬೆಂಗಳೂರಿನಲ್ಲಿ ಕಾಫಿ ಹುರಿದು ಮಾರುವ ಹುಡುಗನೊಬ್ಬ ಇಂಗ್ಲಿಷಿನಲ್ಲಿ ಸಂದೇಶ ಹಾಕಿದ: 20ನೇ ತಾರೀಖಿಗೆ 500 ಕಿಲೋ ರೊಬಸ್ಟಾ ಚೆರ್ರಿ ಬೇಕು. ಸರಿ ಎಂದೆ. ಹಣ್ಣು ಕೊಯ್ಯಿಸಿ, ಕಣದಲ್ಲಿ ಹರವಿ, ದಿನಕ್ಕೆ ನಾಲ್ಕೈದು ಸಲ ಕೈಯಾಡಿಸಿ, ಸಂಜೆ ಗುಡ್ಡೆ ಮಾಡಿ ಟಾರ್ಪಾಲು ಹೊದಿಸಿ, ಎರಡು ವಾರ ಒಣಗಿಸಿದೆವು. ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದರೆ ಗಲಗಲ ಅನ್ನಬೇಕು, ಆಗ ಒಣಗಿದೆ ಎಂದು ಲೆಕ್ಕ. ಅಂದವು. 50 ಕಿಲೋದ ಹತ್ತು ಚೀಲ ತುಂಬಿ, ಬಾಯಿ ಹೊಲಿಸಿ ಇಟ್ಟೆ.

ಹುಡುಗ ಪಿಕಪ್ ವಾಹನದಲ್ಲಿ ಪ್ಲಾಸ್ಟಿಕ್ ಕ್ರೇಟುಗಳನ್ನು ಹೇರಿಕೊಂಡು ಬಂದ. ಸುತ್ತ ನೋಡಿ, “ಅಂಕಲ್, ಚೆರ್ರಿ ಎಲ್ಲಿ?” ಎಂದ.

“ನಿನ್ನ ಎದುರಿಗೇ ಇದೆಯಲ್ಲಪ್ಪ.”

ಅವನು ಚೀಲ ನೋಡಿದ, ನನ್ನ ಮುಖ ನೋಡಿದ. ಅವನಿಗೆ ಬೇಕಿದ್ದದ್ದು ಗಿಡದಿಂದ ಆಗಷ್ಟೇ ಬಿಡಿಸಿದ ಕೆಂಪು ಹಣ್ಣು. ಹೊರದೇಶಗಳ ಕಾಫಿ ಜನರಿಗೆಲ್ಲ ಚೆರ್ರಿ ಎಂದರೆ ಅದೇ. ನಮ್ಮಲ್ಲಿ ಸಿಪ್ಪೆಸಹಿತ ಒಣಗಿಸಿದ್ದು ಚೆರ್ರಿ, ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದ್ದು ಪಾರ್ಚ್‌ಮೆಂಟ್. ಇದು ಕೊಡಗಿನ ತೋಟದವನ ಅಜ್ಞಾನವಲ್ಲ. ಭಾರತದ ಕಾಫಿ ದರ್ಜೆಗಳ ಹೆಸರಿನಲ್ಲೇ ‘ರೊಬಸ್ಟಾ ಚೆರ್ರಿ’ ಎಂದರೆ ತೊಳೆಯದೆ ಒಣಗಿಸಿದ ಕಾಫಿ. ಇನ್ನೂ ತಮಾಷೆ ಬೇಕೆಂದರೆ, ತೊಳೆದ ಅರೇಬಿಕಾ ಬೀಜದ ದರ್ಜೆಗೆ ಇಟ್ಟ ಹೆಸರು ‘ಪ್ಲಾಂಟೇಷನ್’. ಒಂದು ಚೀಲ ಪ್ಲಾಂಟೇಷನ್ ಕೊಡಿ ಎಂದರೆ ಹೊರಗಿನವನು ಏನೆಂದುಕೊಳ್ಳಬೇಕು? ಆ ಹುಡುಗನ ಮೇಲೆ ನನಗೆ ಸಿಟ್ಟು ಬಂದದ್ದು ನಿಜ. ಆದರೆ ತಪ್ಪು ಯಾರದೆಂದು ಇವತ್ತು ಕೇಳಿದರೂ ನನ್ನಲ್ಲಿ ಉತ್ತರವಿಲ್ಲ. ಕೇಳದೆ ಒಪ್ಪಿಕೊಂಡವನು ನಾನು, ಅಷ್ಟು ಹೇಳಬಲ್ಲೆ.

ಆಮೇಲಿನಿಂದ ಈ ಚಟ ಹತ್ತಿತು, ಪದಗಳ ಬೆನ್ನು ಹತ್ತುವ ಚಟ. ನಮ್ಮ ತೋಟದ ರೈಟರ್ ಕಥೆಯನ್ನೇ ಕೇಳಿ. ಹೋಂಸ್ಟೇಗೆ ಬಂದಿದ್ದ ಇಂಗ್ಲೆಂಡಿನ ಹೆಂಗಸೊಬ್ಬರು ನೀವು ಏನು ಮಾಡುತ್ತೀರಿ ಎಂದು ವಿಚಾರಿಸಿದಾಗ ಇವರು ನಾನು ರೈಟರ್ ಎಂದರು. ಆಕೆಯ ಕಣ್ಣು ಅರಳಿತು: ಯಾವ ಪುಸ್ತಕ ಬರೆದಿದ್ದೀರಿ? ನಮ್ಮವರು ಸ್ವಲ್ಪ ಯೋಚಿಸಿ, ಒಳಗೆ ಹೋಗಿ ಚೆಕ್‌ರೋಲ್ ತಂದು ಆಕೆಯ ಕೈಗಿಟ್ಟರು. ಲೈನ್ ಮನೆಯ ಕೂಲಿಯವರ ಹೆಸರು, ಹಾಜರಿ, ಅರ್ಧ ದಿನ, ಮುಂಗಡ, ಎಲ್ಲ ದುಂಡು ಅಕ್ಷರದಲ್ಲಿ. ಆಕೆ ಪುಟ ತಿರುವಿ ತಿರುವಿ ನೋಡಿದರು. ನಾನು ನಕ್ಕೆ. ಆಮೇಲೆ ತಿಳಿಯಿತು, ನಗಬೇಕಾದದ್ದು ನಾನಲ್ಲ. ಈಸ್ಟ್ ಇಂಡಿಯಾ ಕಂಪನಿ ತನ್ನ ಕಿರಿಯ ಗುಮಾಸ್ತರನ್ನು ಕರೆಯುತ್ತಿದ್ದದ್ದೇ ರೈಟರ್ ಎಂದು. ಕೋಲ್ಕತ್ತದ ರೈಟರ್ಸ್ ಬಿಲ್ಡಿಂಗ್ ಹೆಸರು ಬಂದದ್ದು ಅವರಿಂದ. ಆಕೆಯ ಊರಿನವರೇ ಬಿಟ್ಟುಹೋದ ಅರ್ಥವನ್ನು ನಮ್ಮ ತೋಟದಲ್ಲಿ ಒಬ್ಬರು ಇನ್ನೂ ದಿನಾ ದುಡಿಸುತ್ತಿದ್ದಾರೆ. ಪಟ್ಟಿ ಕಳುಹಿಸುವ ತಂಗಿ ಇದಕ್ಕೆ ಏನನ್ನುತ್ತಾಳೋ.

ಓಟಿ ಇನ್ನೊಂದು. 50 ಕಿಲೋ ಚೆರ್ರಿಯಿಂದ ಎಷ್ಟು ಕಿಲೋ ಬೀಜ ಬರುತ್ತದೆ ಎಂಬುದು ನಮಗೆ ಓಟಿ, ಔಟ್‌ಟರ್ನ್. 28 ಬಂದರೆ ಮುಖದಲ್ಲಿ ಕಳೆ, 25ಕ್ಕೆ ಇಳಿದರೆ ಮಾತಿಲ್ಲ. ಆಸ್ಪತ್ರೆಯವರಿಗೆ ಓಟಿ ಎಂದರೆ ಆಪರೇಷನ್ ಥಿಯೇಟರ್. ಅಪ್ಪನ ಆಪರೇಷನ್ ದಿನ ನರ್ಸಮ್ಮ ಹೊರಗೆ ಬಂದು “ಓಟಿ ಆಗಿದೆ” ಎಂದಾಗ ಕಿವಿ ಮಂದವಿದ್ದ ದೊಡ್ಡಪ್ಪ ಕೇಳಿದ್ದು, “ಎಷ್ಟು ಬಂತಂತೆ?”

ಇಂಗ್ಲಿಷ್ ಆಡಿ ಹುಟ್ಟಿದವರಿಗೂ ಇದು ತಪ್ಪಿದ್ದಲ್ಲ. ಸಭೆಯಲ್ಲಿ ಒಂದು ವಿಷಯವನ್ನು ‘ಟೇಬಲ್ ಮಾಡುವುದು’ ಎಂದರೆ ಬ್ರಿಟಿಷರಿಗೆ ಚರ್ಚೆಗೆ ಮುಂದಿಡುವುದು, ಅಮೆರಿಕನ್ನರಿಗೆ ಬದಿಗೆ ಸರಿಸುವುದು. ಎರಡನೆಯ ಮಹಾಯುದ್ಧದ ಮಧ್ಯೆ ಇದೇ ಪದಕ್ಕಾಗಿ ಎರಡೂ ಕಡೆಯವರು ಬಹಳ ಹೊತ್ತು ಕಿತ್ತಾಡಿ, ಕೊನೆಗೆ ಇಬ್ಬರಿಗೂ ಬೇಕಾದದ್ದು ಒಂದೇ ಎಂದು ಕಂಡುಕೊಂಡರೆಂದು ಚರ್ಚಿಲ್ ಬರೆದುಕೊಂಡಿದ್ದಾರೆ. ಇನ್ನು ಬ್ಯಾಂಕು ಸಾಲ ಸ್ಯಾಂಕ್ಷನ್ ಮಾಡಿದರೆ ನಾವು ಸಿಹಿ ಹಂಚುತ್ತೇವೆ. ರಷ್ಯಾದ ಮೇಲೆ ಸ್ಯಾಂಕ್ಷನ್, ಅಂದರೆ ನಿರ್ಬಂಧ, ಎಂದು ಸುದ್ದಿ ಬಂದರೆ, ಅಲ್ಲಿಗೂ ನಮ್ಮ ಕಾಫಿ ಹೋಗುವುದರಿಂದ, ಎದೆ ಹೊಡೆದುಕೊಳ್ಳುತ್ತದೆ. ಪದ ಮಾತ್ರ ಅದೇ.

ಅಂದಹಾಗೆ ಆ ಹತ್ತು ಚೀಲ ಪಕ್ಕದ ವ್ಯಾಪಾರಿಗೆ ಹೋಯಿತು, ಹುಡುಗನ ಜೊತೆ ಮಾತೂ ನಿಂತಿತ್ತು. ಈ ಸಲ ಮತ್ತೆ ಬರೆದಿದ್ದಾನೆ, ಎಚ್ಚರದಿಂದ: ಹಣ್ಣು, ಕೆಂಪಗಿರಬೇಕು, ಹಸಿಯಾಗಿರಬೇಕು, ಅದೇ ದಿನ ಕೊಯ್ದದ್ದಾಗಿರಬೇಕು. ಪರವಾಗಿಲ್ಲ, ಕಲಿತಿದ್ದಾನೆ ಎಂದುಕೊಂಡು ಕೊನೆಯ ಸಾಲಿಗೆ ಬಂದೆ. ‘ನೆಕ್ಸ್ಟ್ ಫ್ರೈಡೇ’ ಬರುತ್ತಾನಂತೆ.

ಇವತ್ತು ಮಂಗಳವಾರ. ಈ ವಾರದ್ದೋ, ಮುಂದಿನ ವಾರದ್ದೋ ಎಂದು ಕೇಳಿ ಕಳುಹಿಸಿದ್ದೇನೆ. ಇನ್ನೂ ಉತ್ತರವಿಲ್ಲ. ಕೊಯ್ಲಿಗೆ ಯಾವತ್ತು ಜನ ಹೇಳಲಿ ಎಂದು ರೈಟರ್ ಬಾಗಿಲಲ್ಲಿ ಬಂದು ನಿಂತಿದ್ದಾರೆ.